ಎರಡು ಗಡಿಗೆ, ಒಂದು ಕೆರೆ

"ಕೆರೆಯ ಹೂಳೆತ್ತುವುದು ಬೇಡ ಅನ್ನುವವನು ನನ್ನ ಊರಲ್ಲಿ ಹುಟ್ಟಿಯೇ ಇಲ್ಲ!" ರಾಜ ಕೆಂಚನಾಯಕ ಮೀಸೆ ತಿರುವಿದ. "ಬೇಕಾದರೆ ಜನರನ್ನೇ ಕೇಳೋಣ."

ಕೇಳಿದ್ದೂ ಆಯಿತು. ಹೂಳೆತ್ತುವವರ ಕೂಲಿಗೆ ಮನೆಗೊಂದು ಮೂಟೆ ರಾಗಿ ಕೊಡಬೇಕು. ಬೀದಿಬೀದಿಗೆ ಎರಡೆರಡು ಗಡಿಗೆ. ಒಪ್ಪುವವರು ಬಿಳಿ ಗಡಿಗೆಗೆ, ಒಪ್ಪದವರು ಕರಿ ಗಡಿಗೆಗೆ ಹುಣಸೆ ಬೀಜ ಹಾಕಬೇಕು.

ದೊಡ್ಡಬೀದಿಯಲ್ಲಿ ಬಿಳಿ ಗಡಿಗೆ ತುಂಬಿತು. ಕುಂಬಾರಬೀದಿಯಲ್ಲಿ ತುಂಬಿದ್ದು ಕರಿ ಗಡಿಗೆ.

ರಾಜನ ಮುಖ ಸಣ್ಣದಾಯಿತು. ದೊಡ್ಡಬೀದಿಯ ನಿವಾಸಿ ಮಂತ್ರಿ ಲಿಂಗರಸ ಎದ್ದು ನಿಂತ. "ಬಡವರಿಗೆ ಕೆರೆಯ ಮೇಲೆ ಪ್ರೀತಿಯಿಲ್ಲ ಪ್ರಭು. ಕರಿ ಗಡಿಗೆ ತುಂಬಿಸಿದ ಬೀದಿಗೆ ಕೆರೆಯ ನೀರೂ ಇಲ್ಲ, ಮಣ್ಣೂ ಇಲ್ಲ ಅಂತ ಡಂಗುರ ಸಾರಿಸಿ."

"ನಾಳೆಯೇ ಸಾರಿಸೋಣ!"

ಆಸ್ಥಾನದ ವಿದೂಷಕ ಓಬಣ್ಣ ಮೆಲ್ಲಗೆ ಸಭೆಯಿಂದ ಹೊರಬಿದ್ದ. ಅವನು ಹುಟ್ಟಿದ್ದೇ ಕುಂಬಾರಬೀದಿಯಲ್ಲಿ. ಕೆರೆಯ ಮಣ್ಣಿಲ್ಲದಿದ್ದರೆ ಅಕ್ಕ ಕದಿರಮ್ಮನ ತಿಗರಿ ನಿಂತ ಹಾಗೇ. ನೇರ ಅವಳ ಮನೆಗೆ ಹೋದ.

"ನಿಮಗೆ ಕೆರೆ ಬೇಡ್ವೇನಕ್ಕ?"

"ಕೆರೆ ಬೇಡ ಅಂದೋರ್ಯಾರೋ? ಮೂಟೆ ಕೊಡಕ್ಕಾಗಲ್ಲ ಅಂದ್ವಿ. ಇರೋದೇ ಒಂದು. ಅದನ್ನೂ ಕೊಟ್ಟು ಮಕ್ಕಳಿಗೆ ಬರೀ ನೀರು ಕುಡಿಸ್ಲಾ?"

ಓಬಣ್ಣನಿಗೆ ಸಿಟ್ಟೂ ಬಂತು, ಉಪಾಯವೂ ಹೊಳೆಯಿತು.

"ಪ್ರಭು, ಡಂಗುರಕ್ಕೆ ಮೊದಲು ಇನ್ನೊಂದೇ ಸಲ ಕೇಳಿ," ಎಂದ ಮರುದಿನ. "ಮನೆಗೊಂದು ಮೂಟೆ ಬೇಡ. ಅವರವರ ಕಣಜದಲ್ಲಿ ಇರುವುದರ ಹತ್ತರಲ್ಲೊಂದು ಪಾಲು ಅನ್ನಿ. ಕೆರೆ ಅದೇ, ಜನವೂ ಅವರೇ. ಪ್ರೀತಿ ಬದಲಾಗುತ್ತದಾ ನೋಡೋಣ."

ಹತ್ತರಲ್ಲೊಂದು ಅಂದ ಕೂಡಲೇ ಲಿಂಗರಸನ ಕಣ್ಣ ಮುಂದೆ ತನ್ನ ಸಾಲು ಕಣಜಗಳು ಬಂದು ನಿಂತವು. ತಾನೇ ಆಡಿದ ಮಾತು ಆ ಗಾಬರಿಯಲ್ಲಿ ಮರೆತೇ ಹೋಯಿತು.

ರಾಜ ಒಪ್ಪಿದ, ಸಂಜೆ ಗಡಿಗೆಗಳು ಬಂದವು. ಕುಂಬಾರಬೀದಿಯ ಬಿಳಿ ಗಡಿಗೆ ತುಂಬಿ ತುಳುಕುತ್ತಿತ್ತು. ದೊಡ್ಡಬೀದಿಯ ಬಿಳಿ ಗಡಿಗೆಯಲ್ಲಿ ಒಂದು ನೊಣ ಆರಾಮವಾಗಿ ಓಡಾಡಿಕೊಂಡಿತ್ತು.

"ಇದೇನೋ ಇದು!" ರಾಜ ಬಾಯಿ ಬಿಟ್ಟ.

"ಕರಿ ಗಡಿಗೆ ತುಂಬಿಸಿದ ಬೀದಿಗೆ ನೀರಿಲ್ಲ ಅಂತ ಮಂತ್ರಿಗಳೇ ಹೇಳಿದ್ದರಲ್ಲ ಪ್ರಭು. ಡಂಗುರ ಅವರ ಮನೆ ಮುಂದಿನಿಂದಲೇ ಶುರು ಮಾಡಿಸಲಾ?"

ಲಿಂಗರಸ ಬೆವರಿ ನೀರಾದ. "ಅಯ್ಯಯ್ಯೋ, ಕೆರೆ ಎಲ್ಲರದ್ದು ಪ್ರಭು!"

"ನೋಡಿ, ನಿನ್ನೆ ಇವರೊಬ್ಬರದ್ದೇ ಆಗಿತ್ತು," ಎಂದ ಓಬಣ್ಣ. "ಹೂಳು ಆಗಲೇ ಸ್ವಲ್ಪ ಹೊರಗೆ ಬಂತು."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಹತ್ತರಲ್ಲೊಂದು ಪಾಲೇ ಗಟ್ಟಿಯಾಯಿತು, ನೀರು ಎಲ್ಲರಿಗೂ ಉಳಿಯಿತು.

"ಓಬಣ್ಣ, ಈಗಲೇ ನಿನ್ನ ಕಣಜ ತುಂಬಿಸುತ್ತೇನೆ!"

ಓಬಣ್ಣ ಗಾಬರಿಯಿಂದ ಕೈ ಅಡ್ಡ ಹಿಡಿದ. "ಈಗ ಬೇಡ ಪ್ರಭು, ಪಾಲು ಎತ್ತಿದ ಮೇಲೆ ಕೊಡಿ. ಇವತ್ತೇ ಕಣಜ ತುಂಬಿದರೆ ನನಗೂ ಕೆರೆಯ ಮೇಲಿನ ಪ್ರೀತಿ ಕಡಿಮೆಯಾದೀತು!"