ಬಳ್ಳಿಯಲ್ಲೇ ಉಳಿದ ಮಿಡಿಸೌತೆ

"ಅಜ್ಜಾರ, ಇಷ್ಟೆಲ್ಲ ಮಾತು ಕಲ್ತೀನ್ರೀ. ಬೇಕಾದಾಗ ಒಂದೂ ಬರಲಿಲ್ಲ. ಯಾಕ್ರೀ?"

ನೀಲಗಂಗಾ ಹೀಗೆ ಕೇಳಿದಾಗ ಬೆಳಗಿನ ಪೂಜೆ ಮುಗಿದು ಜನ ಚದುರಿದ್ದರು. ಮಠದ ಪಡಸಾಲೆಯಲ್ಲಿ, ಎಲ್ಲರೂ ಅಜ್ಜಾರು ಎಂದೇ ಕರೆಯುವ ಗುರುಗಳು ಒಬ್ಬರೇ ಕುಳಿತಿದ್ದರು. ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರಲ್ಲಿ ನೀಲಗಂಗಾ ಒಬ್ಬಳು. ಲಿಖಿತ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಸಂದರ್ಶನವಿತ್ತು. ಅಲ್ಲಿ ಇಂಗ್ಲಿಷಿನಲ್ಲಿ ಮಾತನಾಡಬೇಕು. ಹೋಗುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಗುರುಗಳಿಗೆ ಒಂದು ಮಾತು ಹೇಳಿ ಊರಿನ ಬಸ್ಸು ಹಿಡಿಯಬೇಕೆಂದು ಬಟ್ಟೆಯ ಚೀಲವನ್ನೂ ಕಟ್ಟಿಟ್ಟಿದ್ದಳು.

ಅವಳು ಕಲಿತ ರೀತಿಯಲ್ಲಿ ದೋಷವಿರಲಿಲ್ಲ. ದಿನವೂ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟವನ್ನೂ ವಿದೇಶದ ಪುಟವನ್ನೂ ಓದುತ್ತಿದ್ದಳು. ತಿಳಿಯದ ಪದ ಸಿಕ್ಕರೆ ಅರ್ಥ ಹುಡುಕಿ, ಆ ಸುದ್ದಿಯಲ್ಲಿ ಅದು ಏನು ಕೆಲಸ ಮಾಡುತ್ತಿದೆ ಎಂದು ನೋಡುತ್ತಿದ್ದಳು. ಬೆಲೆ ಏರಿದ ಸುದ್ದಿಯಿಂದ 'ಇನ್‌ಫ್ಲೇಶನ್' ಸಿಕ್ಕಿತ್ತು. ಯುದ್ಧಕ್ಕಿಳಿದ ದೇಶದ ವ್ಯಾಪಾರಕ್ಕೆ ನಿರ್ಬಂಧ ಹೇರಿದ ಸುದ್ದಿಯಿಂದ 'ಸ್ಯಾಂಕ್ಷನ್ಸ್' ಸಿಕ್ಕಿತ್ತು. ಷೇರುಪೇಟೆ ಏರಿಳಿದ ದಿನ 'ವೊಲಟೈಲ್' ಸಿಕ್ಕಿತ್ತು. ಕಣ್ಣಿಗೆ ಬಿದ್ದರೆ ಸಾಕು, ಅವೆಲ್ಲ ಅವಳಿಗೆ ಪರಿಚಿತ ಮುಖಗಳು. ಆದರೆ ಒಂದನ್ನೂ ಅವಳು ಬಾಯಿಬಿಟ್ಟು ಆಡಿರಲಿಲ್ಲ. ಮೊದಲು ಪೂರ್ತಿ ಕಲಿಯೋಣ, ಆಮೇಲೆ ಮಾತನಾಡೋಣ, ಅರೆಬರೆ ಆಡಿ ನಗೆಗೀಡಾಗುವುದೇಕೆ ಎಂದುಕೊಂಡಿದ್ದಳು. ಊಟದ ಪಂಕ್ತಿಯಲ್ಲಿ ಗೆಳತಿಯರು ಇವತ್ತೇನು ಸುದ್ದಿ ಎಂದು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದಳು.

ಅವಳ ಕೋಣೆಯ ದಾನಮ್ಮ ಕಾಲೆಳೆಯುತ್ತಿದ್ದಳು. "ನಮ್ಮ ಗಂಗಾನ ಬಾಯಿ ಫಿಕ್ಸೆಡ್ ಡಿಪಾಸಿಟ್ ಇದ್ದಂಗ. ಅವಧಿ ಮುಗಿಯೋತನಕ ಏನೂ ಹೊರಗ ಬರಂಗಿಲ್ಲ."

ಹಿಂದಿನ ದಿನ ಕಾಲೇಜಿನ ಉಪನ್ಯಾಸಕರೊಬ್ಬರು ಬಂದು ಹುಡುಗಿಯರಿಗೆ ಸಂದರ್ಶನದ ತಾಲೀಮು ಮಾಡಿಸಿದ್ದರು. ರೂಪಾಯಿಯ ಬೆಲೆ ಏಕೆ ಇಳಿಯುತ್ತಿದೆ ಎಂದು ನೀಲಗಂಗಾಳನ್ನು ಕೇಳಿದರು. ಉತ್ತರ ಅವಳಿಗೆ ಗೊತ್ತಿತ್ತು. ಆ ವಾರವೇ ಓದಿದ್ದಳು. ಎದ್ದು ನಿಂತಳು, ಒಂದು ಪದವೂ ಹೊರಡಲಿಲ್ಲ. ಸಾರಿ ಸರ್ ಎಂದು ಕುಳಿತುಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಇದೆಲ್ಲವನ್ನೂ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಕುಳಿತುಕೊಳ್ಳಲು ಕೈ ತೋರಿಸಿ, ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಮಿಡಿಸೌತೆ ಬೆಳೆಯುತ್ತಿದ್ದ. ಅದು ಸಂತೆಗೆ ಬರುವ ಸೌತೆಕಾಯಿಯಲ್ಲ. ಬೆರಳಿನಷ್ಟಿರುವಾಗಲೇ ಅದನ್ನು ಕೀಳಬೇಕು. ಕಂಪನಿಯ ಲಾರಿ ದಿನವೂ ಊರಿಗೆ ಬಂದು ಒಯ್ಯುತ್ತದೆ. ಕಾರ್ಖಾನೆಯಲ್ಲಿ ಹುಳಿನೀರಿಗೆ ಹಾಕಿ, ಹಡಗಿನಲ್ಲಿ ಪರದೇಶಕ್ಕೆ ಕಳಿಸುತ್ತಾರೆ. ಸಣ್ಣ ಕಾಯಿಗೆ ಒಳ್ಳೆಯ ಬೆಲೆ. ದಪ್ಪಗಾದರೆ ಕೇಳುವವರೇ ಇಲ್ಲ.

ಒಂದು ಸಲ ಎಲ್ಲೋ ದೂರದಲ್ಲಿ ಎರಡು ದೇಶಗಳಿಗೆ ಯುದ್ಧ ಹತ್ತಿತು. ಹಡಗಿನ ದಾರಿ ಮುಚ್ಚಿತು. ಕಂಪನಿಯವನು ಬಂದು, ಲಾರಿ ಸದ್ಯಕ್ಕೆ ಬರುವುದಿಲ್ಲ, ದಾರಿ ತೆರೆದ ಕೂಡಲೇ ಬರುತ್ತದೆ, ಬಳ್ಳಿಯನ್ನು ಮಾತ್ರ ಕೈಬಿಡಬೇಡಿ ಎಂದು ಹೇಳಿ ಹೋದ.

ರೈತ ಬಳ್ಳಿಯನ್ನು ಕೈಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ನೀರು ಹಾಯಿಸಿದ. ಗೊಬ್ಬರವನ್ನು ಮೊದಲಿಗಿಂತ ಒಂದು ಹಿಡಿ ಹೆಚ್ಚೇ ಹಾಕಿದ. ಕೀಳುವುದನ್ನು ಮಾತ್ರ ನಿಲ್ಲಿಸಿದ. ಕೊಳ್ಳುವವರಿಲ್ಲದ ಕಾಯಿಯನ್ನು ಸೊಂಟ ಬಗ್ಗಿಸಿ ಕೀಳುವುದು ದಂಡ ಎನಿಸಿತು. ಲಾರಿ ಬಂದ ದಿನ ದಪ್ಪ ಕಾಯಿಗಳನ್ನೆಲ್ಲ ಒಮ್ಮೆಗೇ ಕಿತ್ತೆಸೆದರಾಯಿತು, ಮರುದಿನದಿಂದ ಎಳೆಯವು ಬಂದೇ ಬರುತ್ತವೆ ಎಂದುಕೊಂಡ.

ಪಕ್ಕದ ಹೊಲದ ಹೆಂಗಸೂ ಮಿಡಿಸೌತೆಯನ್ನೇ ಹಾಕಿದ್ದಳು. ಅವಳು ಲಾರಿ ಬರುತ್ತಿದ್ದಾಗ ಹೇಗೋ ಹಾಗೇ ದಿನವೂ ಬುಟ್ಟಿ ಹಿಡಿದು ಹೊಲಕ್ಕಿಳಿದಳು. ಕಿತ್ತದ್ದರಲ್ಲಿ ಒಂದಷ್ಟನ್ನು ಉಪ್ಪುನೀರಿಗೆ ಹಾಕಿದಳು. ಒಂದಷ್ಟನ್ನು ಶಾಲೆಯ ಅಡುಗೆಯವಳಿಗೆ ಕೊಟ್ಟಳು. ಮಿಕ್ಕದ್ದನ್ನು ಎಮ್ಮೆಗೆ ಸುರಿದಳು.

ರೈತ ಬದುವಿನ ಮೇಲೆ ನಿಂತು ನಕ್ಕ. "ಏನಬೇ ಯಕ್ಕಾ, ಲಾರಿ ಈ ಸಲ ಎಮ್ಮಿ ವೇಷ ಹಾಕ್ಕೊಂಡು ಬಂದೈತೇನು?"

ಹೆಂಗಸು ಬಗ್ಗಿದ ಸೊಂಟ ಎತ್ತದೆ ಹೇಳಿದಳು. "ಲಾರಿ ನನ್ನ ಕೈಯಾಗ ಇಲ್ಲಪ್ಪಾ, ಬಳ್ಳಿ ಐತಿ. ಕಿತ್ತ ಕಾಯಿ ಯಾರ ಹೊಟ್ಟಿಗೆ ಹೋತು ಅಂತ ಬಳ್ಳಿ ಕೇಳಂಗಿಲ್ಲ."

ರೈತ ತಲೆ ಅಲ್ಲಾಡಿಸಿ ಮನೆಗೆ ಹೋದ.

ಕೊನೆಗೆ ಹಡಗಿನ ದಾರಿ ತೆರೆಯಿತು. ಲಾರಿ ಬಂತು. ರೈತ ಹುರುಪಿನಿಂದ ಹೊಲಕ್ಕಿಳಿದು, ತೋಳಿನಷ್ಟು ದಪ್ಪಗೆ ಹಳದಿ ತಿರುಗಿದ್ದ ಕಾಯಿಗಳನ್ನೆಲ್ಲ ಕಿತ್ತೆಸೆದ. ಮರುದಿನ ಬುಟ್ಟಿ ಹಿಡಿದು ಹೋದ. ಕಾಯಿ ಇರಲಿಲ್ಲ. ಅದರ ಮರುದಿನ ಹೋದ. ಹೂವೂ ಇರಲಿಲ್ಲ.

ಬಳ್ಳಿಯ ಲೆಕ್ಕವೇ ಬೇರೆ. ಬೀಜ ಮಾಡುವುದು ಅದರ ಕೆಲಸ. ಎಳೆಯ ಕಾಯಿಯನ್ನು ಕಿತ್ತರೆ, ಇನ್ನೂ ಬೀಜವಾಗಲಿಲ್ಲವಲ್ಲ ಎಂದು ಮತ್ತೆ ಹೂ ಬಿಡುತ್ತದೆ. ಕಾಯಿ ಬಲಿತು ಬೀಜ ಗಟ್ಟಿಯಾದರೆ, ಬಂದ ಕೆಲಸ ಮುಗಿಯಿತು ಎಂದು ಒಣಗಲು ತೊಡಗುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಅದಕ್ಕೆ ಬೇಡ.

ರೈತ ಹೊಲದ ತುಂಬ ಸುತ್ತಾಡಿದ. ದಾರಿಯ ಪಕ್ಕದ ಸಾಲುಗಳಿಗೆ ಬಂದಾಗ ಅವನ ಕಾಲು ನಿಂತಿತು. ಅಲ್ಲಿ ಹಸಿರಿತ್ತು. ಎಲೆಯ ಅಡಿಯಲ್ಲಿ ಹೂವಿತ್ತು, ಬೆರಳಿನಷ್ಟು ಕಾಯಿಯೂ ಇತ್ತು. ಶಾಲೆಗೆ ಹೋಗುವ ಮಕ್ಕಳು ಬೇಲಿಯ ಸಂದಿಯಿಂದ ಆ ಸಾಲುಗಳಿಗೆ ಕೈಹಾಕಿ ದಿನವೂ ಕಿತ್ತು ತಿನ್ನುತ್ತಿದ್ದರು. ಅವನು ಕೋಲು ಹಿಡಿದು ಅಟ್ಟುತ್ತಿದ್ದ. ಅವನ ಕಣ್ಣು ತಪ್ಪಿಸಿ ಅವರು ಕಿತ್ತ ಬಳ್ಳಿಗಳಷ್ಟೇ ಉಳಿದಿದ್ದವು.

ಆ ದಿನ ಆ ಸಾಲುಗಳಿಂದ ಅವನಿಗೆ ಒಂದು ಬುಟ್ಟಿ ಕಾಯಿ ಸಿಕ್ಕಿತು. ಲಾರಿಗೆ ಹಾಕಿದ. ಹೆಂಗಸಿನ ಬುಟ್ಟಿಗಳು ಆಗಲೇ ಲಾರಿಯಲ್ಲಿದ್ದವು. ಮುಂದಿನ ಬೆಳೆಗೆ ಅವನು ದಾರಿಯ ಕಡೆಗೆ ಬೇಲಿಯನ್ನು ಕಟ್ಟಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

ನೀಲಗಂಗಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಕತೆ ಅವಳಿಗೆ ಅರ್ಥವಾಗಿತ್ತು. ನೀರು ಹಾಯಿಸಿದವಳು ತಾನು, ಗೊಬ್ಬರ ಹಾಕಿದವಳೂ ತಾನು, ಲಾರಿಗೆ ಕಾದವಳೂ ತಾನೇ. ಬಳ್ಳಿ ಇನ್ನೂ ಪೂರ್ತಿ ಒಣಗಿಲ್ಲ ಎಂಬುದೂ ಅವಳಿಗೆ ಹೊಳೆಯಿತು. ಆದರೂ ಒಂದು ಸಂಶಯ ಉಳಿದಿತ್ತು. ಸೌತೆಗಾದರೆ ಎಮ್ಮೆಯಿತ್ತು, ಶಾಲೆಯ ಮಕ್ಕಳಿದ್ದರು. ತಾನು ಯಾರ ಮುಂದೆ ಆಡಲಿ? ಗೆಳತಿಯರ ಮುಂದೆ ತಪ್ಪಿದರೆ ನಗುತ್ತಾರೆ. ಉಪನ್ಯಾಸಕರ ಮುಂದೆ ತಪ್ಪಿದರೆ ತಿದ್ದುತ್ತಾರೆ. ಅದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಎನಿಸಿತು.

"ಲಾರಿ ಬರೋತನಕ ನಾ ಯಾರಿಗೆ ಕೊಡ್ಲಿರೀ ಅಜ್ಜಾರ?" ಎಂದಳು.

ಗುರುಗಳು ಹುಡುಗಿಯರಿಗೆಂದು ಬಂದು ಪಕ್ಕದಲ್ಲಿ ಬಿದ್ದಿದ್ದ ಆ ದಿನದ ಇಂಗ್ಲಿಷ್ ಪತ್ರಿಕೆಯನ್ನು ಅವಳ ಮುಂದಕ್ಕೆ ಸರಿಸಿದರು.

"ಇವತ್ತಿನ ಸುದ್ದಿ ನನಗ ಇಂಗ್ಲಿಷಿನ್ಯಾಗ ಹೇಳವ್ವಾ, ತಪ್ಪಿದ್ರ ನನಗರ ಎಲ್ಲಿ ತಿಳೀತೈತಿ."

ನೀಲಗಂಗಾ ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ವಾಣಿಜ್ಯ ಪುಟ ತೆರೆದಳು. ಎದ್ದು ಹೋಗಲಿಲ್ಲ.