ನಾರುವ ಸಿಂಹಾಸನವೂ ಮಜ್ಜಿಗೆ ಸಣ್ಣೀರಮ್ಮನೂ

ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಹೆಸರು ಯಾಕೆ ಬೇಕು, ರಾಜ ಅಂದ್ರೆ ಸಾಲ್ದಾ? ಅವನಿಗೆ ತಾತನ ತಾತ ಕೂತಿದ್ದ ಮರದ ಸಿಂಹಾಸನ. ಅದರ ಮೇಲೆ ಕೂತು ಹೇಳಿದ್ದೇ ನ್ಯಾಯ, ಕೆಳಗೆ ನಿಂತು ಹೇಳಿದ್ದು ಬರೀ ಮಾತು ಅಂತ ಕಟ್ಟಳೆ. ಇನ್ನೊಂದು ಕಟ್ಟಳೆ ಕೇಳಿ: ರಾಜನನ್ನು ಬಿಟ್ಟು ಬೇರೆ ಯಾರೂ ಅದನ್ನ ಮುಟ್ಟಂಗಿಲ್ಲ. ವರ್ಷಕ್ಕೊಂದು ಸಲ ಪಟ್ಟದ ಹಬ್ಬಕ್ಕೆ ಪೂಜಾರಿ ದೂರದಿಂದಲೇ ಹಾಲು, ತುಪ್ಪ ಸುರೀತಿದ್ದ. ಒರೆಸೋರು ಯಾರು? ಮುಟ್ಟಂಗಿಲ್ವಲ್ಲ! ಐದು ತಲೆಮಾರಿನ ಹಾಲು ಮರದೊಳಗೆ ಇಳಿದು, ಹುಳಿತು, ನಾತ ಹಿಡೀತು.

ಎಂಥಾ ನಾತ ಅಂತೀರಿ! ರಾಜ ಬರ್ತಿದ್ದ, ಕೂರ್ತಿದ್ದ, ಮೂಗು ಹಿಡ್ಕೊಂಡು ಓಡ್ತಿದ್ದ. ಮಂತ್ರಿ ಅತ್ತರು ಚೆಲ್ಲಿಸಿದ. ಅತ್ತರೂ ನಾತವೂ ಸೇರಿದ್ದೇ ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಸಾಂಬ್ರಾಣಿ ಹಾಕಿಸಿದ. ಸಭೆಯೆಲ್ಲ ಕೆಮ್ಮಿತು, ನಾತ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅದೇ ಊರಲ್ಲಿ ಮಜ್ಜಿಗೆ ಮಾರೋ ಸಣ್ಣೀರಮ್ಮ ಅಂತ ಇದ್ದಳಂತೆ. ಅವಳ ಗಂಡ ಚಿತ್ತಯ್ಯ, ಪಾಪ, ಸೆರೆಮನೇಲಿದ್ದ. ಊರ ಗೌಡನ ಎಮ್ಮೆ ಕದ್ದ ಅಂತ ದೂರು. ಆ ಎಮ್ಮೆಯೋ, ಮಾರನೇ ದಿನವೇ ಕೆರೆಯಂಗಳದಿಂದ ಬಾಲ ಬೀಸ್ಕೊಂಡು ಮನೆಗೆ ಬಂದಿತ್ತು! ಊರೆಲ್ಲ ಕಂಡಿತ್ತು. ಆದ್ರೆ ರಾಜ ನ್ಯಾಯ ಹೇಳದೆ ಬೀಗ ತೆಗೆಯೋರು ಯಾರು? ದಿನಾ ಅವಳು ಅರಮನೆಗೆ ಬರೋದು, ದಿನಾ ರಾಜ ಓಡೋದು. ಹಿಂಗೇ ಮೂರು ತಿಂಗಳಾಯ್ತು. ಮನೇಲಿ ಒಬ್ಬಳೇ ಉಣ್ಣೋಕೆ ಕೂತರೆ ಗಂಡನ ತಣಿಗೆ ನೋಡಿ ಅರ್ಧಕ್ಕೇ ಎದ್ದುಬಿಡ್ತಿದ್ದಳಂತೆ.

ಒಂದಿನ ಓಡೋ ರಾಜನಿಗೆ ಬಾಗಿಲಲ್ಲೇ ಅಡ್ಡ ನಿಂತಳು.

"ಬುದ್ಧೀ, ನನ್ನ ಕಡಗೋಲೂ ಮರದ್ದೇ. ದಿನಾ ಮೊಸರು ಕಡೀತೀನಿ. ಮೂಸಿ ನೋಡಿ."

ರಾಜ ಮೂಸಿದ. ಹುಳಿ ಇಲ್ಲ, ಏನೂ ಇಲ್ಲ!

"ಹೆಂಗಮ್ಮ ಇದು?"

"ತಿಕ್ತೀನಿ, ಬಿಸಿಲಿಗೆ ಇಡ್ತೀನಿ. ಇನ್ನೇನು ಮಂತ್ರಾನಾ?"

"ಹಂಗಾದ್ರೆ ನಮ್ಮದನ್ನೂ ತಿಕ್ಕಿ ಕೊಡು ತಾಯಿ."

"ಅಯ್ಯೋ, ನಾನು ಮುಟ್ಟಿದ್ರೆ ತಲೆ ಹೋಗುತ್ತೆ. ನೀವೇ ತಿಕ್ಕಬೇಕು!"

ಮಂತ್ರಿ ಹೌಹಾರಿದ. ರಾಜನೋ, ನಾತಕ್ಕಿಂತ ಇದೇ ವಾಸಿ ಅಂತ ಪಂಚೆ ಎತ್ತಿ ಕಟ್ಟಿದ. ಸಿಂಹಾಸನವನ್ನ ದರದರ ಅಂಗಳಕ್ಕೆ ಎಳೆದ. ಸಣ್ಣೀರಮ್ಮ ಕಟ್ಟೆ ಮೇಲೆ ಕೂತು ಹೇಳ್ತಾಳೆ, ರಾಜ ಮಾಡ್ತಾನೆ.

"ಒಲೆ ಬೂದಿ, ಸೀಗೆಪುಡಿ ಕಲಸಿ. ತೆಂಗಿನ ನಾರಲ್ಲಿ ತಿಕ್ಕಿ. ಅಯ್ಯೋ, ಕೊಡಗಟ್ಟಲೆ ನೀರು ಹುಯ್ಬೇಡಿ ಬುದ್ಧೀ, ಮರ ಕುಡಿದು ಉಬ್ಬುತ್ತೆ! ಬಟ್ಟೆ ಹಿಂಡಿ ಒರೆಸಿ. ಸಂದಿ, ಸಂದಿ! ಸಂದೀಲೇ ಕಳ್ಳ ಇರೋದು."

ರಾಜ ತಿಕ್ಕಿದ, ತಿಕ್ಕಿದ, ಬೆವರು ಕಿತ್ತು ಬರೋ ತನಕ ತಿಕ್ಕಿದ. ಮೂರು ದಿನ ಗಾಳಿ ಬಿಸಿಲಲ್ಲಿಟ್ಟ. ಕೆಳಗೆ ಒಂದು ಮಂಕರಿ ಇದ್ದಿಲು ಇಟ್ಟ. ಅದು ಉಳಿದ ನಾತವನ್ನೆಲ್ಲ ಹೀರ್ಕೊಂತಂತೆ. ನಾಲ್ಕನೇ ದಿನ ಮೂಸಿದ. ಬರೀ ಮರದ ವಾಸನೆ! ಖುಷಿಗೆ ಅಂಗಳದಲ್ಲೇ ಅದರ ಮೇಲೆ ಕೂತುಬಿಟ್ಟ.

"ಏನು ಬೇಕು ಕೇಳಮ್ಮ. ಚಿನ್ನವಾ? ಹೊಲವಾ?"

"ನನ್ನ ಗಂಡನ ನ್ಯಾಯ ಕೇಳಿ, ಸಾಕು. ಎಮ್ಮೆ ಕದ್ದ ಅಂತ ಒಳಗೆ ಹಾಕವ್ರೆ. ಎಮ್ಮೆ ಗೌಡರ ಕೊಟ್ಟಿಗೇಲೇ ಐತೆ."

ಗೌಡನನ್ನ ಕರೆಸಿದರು.

"ಎಮ್ಮೆ ಯಾವಾಗ ಬಂತಯ್ಯ?"

"ಕಳೆದುಹೋದ ಮಾರನೇ ದಿನವೇ ಬುದ್ಧೀ," ಅಂತ ಗೌಡ ತಲೆ ತಗ್ಗಿಸಿದ.

ಅಷ್ಟೇ. ನ್ಯಾಯ ಮುಗೀತು! ಒಂದು ಎಲೆಯಡಿಕೆ ಜಗಿಯೋವಷ್ಟು ಹೊತ್ತೂ ಆಗಲಿಲ್ಲ. ರಾಜನ ಮುಖ ಸಣ್ಣಗಾಯ್ತು.

"ಈ ಎರಡು ಮಾತು ಕೇಳೋಕೆ ಮೂರು ತಿಂಗಳು ಮಾಡಿದೆನಲ್ಲ ತಾಯಿ. ನನ್ನದು ತಪ್ಪಾಯ್ತು," ಅಂದು ತಾನೇ ಎದ್ದು ಹೋಗಿ ಬೀಗ ತೆಗೆದನಂತೆ.

ಚಿತ್ತಯ್ಯ ಹೊರಗೆ ಬಂದು ಹೆಂಡ್ತಿ ಮುಖ ನೋಡಿ ಗೊಳೋ ಅಂತ ಅತ್ತ. "ಅಳ್ಬೇಡ, ಬಾ, ಮನೇಲಿ ಮುದ್ದೆ ತಿರುವಿ ಇಟ್ಟಿದೀನಿ," ಅಂದಳು ಸಣ್ಣೀರಮ್ಮ. ಅನ್ನೋದೇನೋ ಅಂದಳು, ಅವಳ ಕಣ್ಣಲ್ಲೂ ನೀರು. ಆವತ್ತು ಇಬ್ಬರೂ ಒಂದೇ ತಣಿಗೇಲಿ ಉಂಡರಂತೆ.

ಅವರು ಉಂಡು ತೇಗಿದರು, ನನಗೆ ಕತೆ ಹೇಳಿ ಗಂಟಲು ಒಣಗಿತು. ಯಾರಾದ್ರೂ ಒಂದು ಲೋಟ ಮಜ್ಜಿಗೆ ಕೊಡ್ರಪ್ಪ!