ಏಳನೆಯ ದಾರ

ಅಮ್ಮನವರು ಬೈದ್ರಾ ಅಂತ ಕೇಳ್ತೀರಲ್ಲ, ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ನಗರಸಭೆ ಪಾರ್ಕಿನಲ್ಲಿ ಇಪ್ಪತ್ತೆರಡು ವರ್ಷ ಮಾಲಿ ಕೆಲಸ ಮಾಡಿದವನು ನಾನು, ಬೈಗುಳ ಅಭ್ಯಾಸ ಆಗಿದೆ. ನಿರ್ವಾಣಮ್ಮನವರು ಯಾರನ್ನೂ ಬೈದವರಲ್ಲ. ಅದೇ ಕಷ್ಟ.

ಕಲ್ಲುಗುಡ್ಡದ ಮೇಲೆ ತಗಡು ಹೊದಿಸಿದ ಎರಡು ಕೋಣೆ, ಅದೇ ಅಮ್ಮನವರ ಮಠ. ಮುಂದೆ ಒಂದು ಎಳೆಯ ಹೊಳೆದಾಸವಾಳದ ಮರ, ಬೇಸಿಗೆಯಲ್ಲಿ ನೇರಳೆ ಹೂ ಬಿಡೋದು. ನನಗೆ ಭಕ್ತಿ ಅಷ್ಟಕ್ಕಷ್ಟೆ, ಹೋಗ್ತಿದ್ದದ್ದು ಮರ ನೋಡೋಕೆ. ಮಾಘದಲ್ಲಿ ಎಲೆ ಉದುರಿದಾಗ ಸವರದೇ ಬಿಟ್ರೆ ಕೊಂಬೆಗಳು ಒಂದರ ಮೈಮೇಲೊಂದು ಬಿದ್ದು ಮರ ಪೊದೆಯಾಗಿಬಿಡುತ್ತೆ. "ಯಾವುದನ್ನ ಕಡೀಲಿ ಅಮ್ಮ?" ಅಂದೆ. ಸಂಜೆ ಅವರು ಮರವನ್ನ ಸುತ್ತಿ ಸುತ್ತಿ ನೋಡಿ, ಆರು ಕೊಂಬೆಗೆ ಅರಿಶಿನದ ದಾರ ಕಟ್ಟಿ, "ಇಷ್ಟು ಸಾಕು" ಅಂದ್ರು.

ಅವರು ಕಟ್ಟಿದ್ದನ್ನ ಯಾರೋ ನೋಡಿದ್ರು.

ಬೆಳಗ್ಗೆ ಗರಗಸ ಹಿಡಿದು ಗುಡ್ಡ ಹತ್ತಿದೆ. ಮಂಜು ಇನ್ನೂ ಕರಗಿರಲಿಲ್ಲ. ಎಲೆಯಿಲ್ಲದ ಮರ ತುಂಬ ಹಳದಿ, ಕನಸಿನಲ್ಲಿ ಹೂ ಬಿಟ್ಟ ಹಾಗೆ. ಹತ್ತಿರ ಹೋದ್ರೆ ಎಲ್ಲ ದಾರ. ಅಮ್ಮನವರೇ ಹರಕೆ ಕಟ್ಟಿದ್ರು ಅಂದ್ಕೊಂಡು ರಾತ್ರಿಯೊಳಗೆ ಊರಿಗೆ ಊರೇ ಹರಕೆ ಕಟ್ಟಿತ್ತು. ಅಮ್ಮನವರ ದಾರ ಇದ್ದದ್ದು ಕಡಿಯೋ ಕೊಂಬೆಗೆ ಅಂತ, ಅವರನ್ನ ಬಿಟ್ರೆ, ಗೊತ್ತಿದ್ದವನು ನಾನೊಬ್ಬನೇ. ಆದ್ರೂ ಸುತ್ತ ಯಾರೂ ಇಲ್ಲ ಅಂತ ನೋಡಿ, ಜೇಬಿನಲ್ಲಿದ್ದ ಗೋಣಿದಾರ ತೆಗೆದು ನಡುಗೊಂಬೆಗೆ ನಾನೂ ಒಂದು ಕಟ್ಟಿದೆ. ನನ್ನ ಹೆಂಡತಿ ಶಿವಲೀಲಾಗೆ ಕಣ್ಣಿನ ಆಪರೇಷನ್ ಆಗಿತ್ತು. ಮಾರನೇ ದಿನ ಪಟ್ಟಿ ಬಿಚ್ಚೋದಿತ್ತು. ಡಾಕ್ಟರು "ನೋಡೋಣ" ಅಂದಿದ್ರು, ಅಷ್ಟೇ.

ಅಷ್ಟರಲ್ಲಿ ಜನ ಸೇರಿದ್ರು. ಗಿರಣಿ ಹಾಲಮ್ಮ ಕೂಗಿದ್ಲು: "ಏ ಕೊಟ್ರಣ್ಣ, ಗರಗಸ ಕೆಳಗಿಡು! ನನ್ನ ಮಗಳ ಮದುವೆ ಆ ಕೊಂಬೆಯಲ್ಲಿ ನೇತಾಡ್ತಿದೆ!"

ಅಮ್ಮನವರು ಹೊರಗೆ ಬಂದ್ರು. ಮರ ನೋಡಿದ್ರು, ನಕ್ಕರು. ಆಮೇಲೆ ಎಡಗೈ ಚಾಚಿ ಅಂದ್ರು: "ಎಳೇ ಮರ, ಇಷ್ಟು ಭಾರ ಹೊರಲಾರದು. ಬಿಚ್ಚಿ ನನಗೆ ಕಟ್ಟಿ."

ಒಬ್ಬೊಬ್ಬರೇ ಬಂದು ತಮ್ಮ ತಮ್ಮ ದಾರ ಬಿಚ್ಚಿ ಅವರ ಕೈಗೆ ಕಟ್ಟಿದ್ರು. ಮಣಿಕಟ್ಟಿನಿಂದ ಮೊಣಕೈವರೆಗೆ ಹಳದಿ. ಮರದಲ್ಲಿ ಏಳು ಉಳಿದ್ವು.

"ನಾನು ಕಟ್ಟಿದ್ದು ಆರು," ಅಂದ್ರು ಅಮ್ಮನವರು.

"ಇದೂ ಕಡಿಯೋದೇ ಅಮ್ಮ," ಅಂತ, ಕಟ್ಟಿದ್ದು ನಾನೇ ಅನ್ನೋಕೆ ನಾಚಿ, ನಡುಗೊಂಬೆಗೆ ಗರಗಸ ಇಟ್ಟೇಬಿಟ್ಟೆ. ಮರದ ಆಕಾರವೇ ಆ ಕೊಂಬೆ, ಅದು ಹೋದ್ರೆ ಮರವೇ ಹೋದ ಹಾಗೆ. ಎರಡು ಸಲ ಎಳೆದೆ. ಹಸಿ ತೊಗಟೆಯ ವಾಸನೆ ಬಂತು. ಮೂರನೇ ಸಲ ಕೈ ಏಳಲಿಲ್ಲ.

ಅಮ್ಮನವರು ಬಲಗೈ ಚಾಚಿದ್ರು. "ಈ ಕೈ ಖಾಲಿ ಇದೆಯಪ್ಪ."

ಗೋಣಿದಾರ ಬಿಚ್ಚಿ ಕಟ್ಟೋಕೆ ಹೋದೆ. ಎರಡು ಸಲ ಗಂಟು ಜಾರಿತು. ಅವರು ಅವಸರ ಮಾಡಲಿಲ್ಲ, ಯಾಕೆ ಏನು ಅಂತಲೂ ಕೇಳಲಿಲ್ಲ. ಗಂಟು ಬಿದ್ದ ಮೇಲೆ ನಾನು ಅವರ ಪಾದದ ಹತ್ತಿರ ಕೂತೆ. ಎಷ್ಟು ಹೊತ್ತು ಕೂತೆ ಅಂತ ಗೊತ್ತಿಲ್ಲ, ಮಂಜು ಪೂರ್ತಿ ಹೋಗಿತ್ತು. ಆಮೇಲೆ ಎದ್ದು ಆರು ಕೊಂಬೆ ಸವರಿದೆ.

ಮನೆಗೆ ಹೋಗಿ ಶಿವಲೀಲಾಗೆ ಎಲ್ಲ ಹೇಳಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಅಂದಳು:

"ಭಯ ಆಗ್ತಿದೆ ಅಂತ ನನಗೂ ಒಂದು ಮಾತು ಹೇಳಬಾರದಿತ್ತಾ? ದಿನಾ ತಮಾಷೆ ಮಾಡ್ತಾ ಓಡಾಡ್ತಿದ್ರಿ. ಹೆದರ್ತಿರೋಳು ನಾನೊಬ್ಬಳೇ ಅಂದ್ಕೊಂಡಿದ್ದೆ."